ರಜೆಯ ತಾರೀಕನ್ನು ಕಾನೂನಿನಲ್ಲೇ ಬರೆದುಬಿಟ್ಟರೆ ಆಗದೇ?

ಪ್ರಶ್ನೆ: ನಾನು ಶಾಲೆಯೊಂದರಲ್ಲಿ ವರ್ಷದ ವೇಳಾಪಟ್ಟಿ ಮಾಡುವ ಕೆಲಸ ನೋಡಿಕೊಳ್ಳುತ್ತೇನೆ. ಕೆಲವು ರಜೆಗಳು ಪ್ರತಿ ವರ್ಷ ಅದೇ ತಾರೀಕಿಗೆ ಬರುತ್ತವೆ. ಇನ್ನು ಕೆಲವು ಒಂದು ವರ್ಷ ಈ ತಿಂಗಳು, ಮುಂದಿನ ವರ್ಷ ಇನ್ನೊಂದು ತಿಂಗಳು. ಪರೀಕ್ಷೆ, ಪ್ರವಾಸ, ಬಸ್ಸು ಎಲ್ಲವನ್ನೂ ಮತ್ತೆ ಮತ್ತೆ ಹೊಂದಿಸಬೇಕು. ಸರ್ಕಾರ ಒಂದು ಕಾನೂನು ಮಾಡಿ, ಎಲ್ಲ ಸಾರ್ವಜನಿಕ ರಜೆಗಳಿಗೂ ಒಂದೊಂದು ಖಾಯಂ ತಾರೀಕು ಬರೆದುಬಿಟ್ಟರೆ ಮುಗೀತಲ್ವಾ? ಯಾವ ದೇಶವಾದರೂ ಹಾಗೆ ಮಾಡಿದೆಯೇ? ಮಾಡಿದರೆ ತೊಂದರೆ ಏನು?

ಉತ್ತರ: ಮಾಡಬಹುದು. ಶಾಸನಸಭೆಗಳಿಗೆ ಆ ಅಧಿಕಾರ ಇದೆ. ಹಲವು ದೇಶಗಳು ಮಾಡಿ ನೋಡಿಯೂ ಇವೆ. ಕೆಲವು ಕಡೆ ಚೆನ್ನಾಗಿ ನಡೆಯಿತು, ಕೆಲವು ಕಡೆ ಮಾಡಿದ್ದನ್ನು ವಾಪಸ್ ತೆಗೆದುಕೊಳ್ಳಬೇಕಾಯಿತು.

ಆದರೆ ನಿಮ್ಮ ಪ್ರಶ್ನೆಯೊಳಗೆ ಎರಡು ಬೇರೆ ಬೇರೆ ಬೇಡಿಕೆಗಳು ಸೇರಿಕೊಂಡಿವೆ. ಒಂದು, ರಜೆ ಪ್ರತಿ ವರ್ಷ ಒಂದೇ ತಾರೀಕಿಗೆ ಬರಬೇಕು ಅನ್ನುವುದು. ಇನ್ನೊಂದು, ರಜೆ ಯಾವತ್ತು ಅಂತ ಸಾಕಷ್ಟು ಮೊದಲೇ ಗೊತ್ತಾಗಬೇಕು ಅನ್ನುವುದು. ವೇಳಾಪಟ್ಟಿ ಮಾಡುವವರಿಗೆ ನಿಜವಾಗಿ ಬೇಕಿರುವುದು ಎರಡನೆಯದು. ಮೊದಲನೆಯದು ಕೆಲವು ರಜೆಗಳಿಗೆ ಮಾತ್ರ ಒಗ್ಗುತ್ತದೆ. ಎರಡನೆಯದನ್ನು ಬಹುತೇಕ ಎಲ್ಲ ರಜೆಗಳಿಗೂ ಕೊಡಬಹುದು. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಉಳಿದದ್ದು ಸುಲಭ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಕಾನೂನು ರಜೆಯನ್ನು ನಿಗದಿ ಮಾಡುತ್ತದೆ, ಹಬ್ಬವನ್ನಲ್ಲ. ಕಚೇರಿ ಯಾವತ್ತು ಮುಚ್ಚಿರಬೇಕು, ಯಾರಿಗೆ ಸಂಬಳ ಸಮೇತ ಬಿಡುವು, ಬ್ಯಾಂಕಿನ ಬಾಕಿ ಯಾವತ್ತಿಗೆ, ಕೋರ್ಟಿನ ಗಡುವು ಯಾವತ್ತಿಗೆ, ಇವು ಕಾನೂನಿನ ಕೈಯಲ್ಲಿರುವ ವಿಷಯಗಳು. ಜನ ಯಾವತ್ತು ದೀಪ ಹಚ್ಚಬೇಕು, ಯಾವತ್ತು ಉಪವಾಸ ಮುಗಿಸಬೇಕು ಅನ್ನುವುದು ಅದರ ಕೈಯಲ್ಲಿಲ್ಲ.

ಭಾರತದ ಕಾನೂನನ್ನೇ ನೋಡಿ. 1881ರ ವರ್ಗಾವಣೀಯ ಲಿಖಿತಗಳ ಅಧಿನಿಯಮ, ಅಂದರೆ ಚೆಕ್ಕು, ಹುಂಡಿ, ಪ್ರಾಮಿಸರಿ ನೋಟುಗಳ ಕಾನೂನು. ಅದರ 25ನೇ ಸೆಕ್ಷನ್‌ನಲ್ಲಿ ಸಾರ್ವಜನಿಕ ರಜೆಯ ಮಾತು ಬರುತ್ತದೆ. ಭಾನುವಾರಗಳು ಮತ್ತು ಸರ್ಕಾರ ರಾಜ್ಯಪತ್ರದಲ್ಲಿ ಘೋಷಿಸಿದ ಬೇರೆ ದಿನಗಳು ರಜೆ. ಪ್ರಾಮಿಸರಿ ನೋಟಿನ, ಅಂದರೆ ಇಂಥ ದಿನ ಹಣ ಕೊಡುತ್ತೇನೆ ಅಂತ ಬರೆದುಕೊಟ್ಟ ಪತ್ರದ, ಅವಧಿ ರಜೆಯ ದಿನ ಮುಗಿದರೆ, ಹಣ ಹಿಂದಿನ ಕೆಲಸದ ದಿನವೇ ಕೊಡಬೇಕಾದದ್ದು ಅಂತ ಲೆಕ್ಕ. 1897ರ ಸಾಮಾನ್ಯ ಖಂಡಗಳ ಅಧಿನಿಯಮದ 10ನೇ ಸೆಕ್ಷನ್ ಇದಕ್ಕೆ ತಿರುಗಾಮುರುಗಾ. ಕೋರ್ಟಿಗೋ ಕಚೇರಿಗೋ ಏನಾದರೂ ಸಲ್ಲಿಸುವ ಕೊನೆಯ ದಿನ ಅದು ಮುಚ್ಚಿದ್ದರೆ, ಮುಂದೆ ತೆರೆಯುವ ದಿನ ಸಲ್ಲಿಸಿದರೂ ನಡೆಯುತ್ತದೆ. ಒಂದೇ ರಜೆ, ಒಂದು ಗಡುವು ಹಿಂದಕ್ಕೆ ಹೋಗುತ್ತದೆ, ಇನ್ನೊಂದು ಮುಂದಕ್ಕೆ. ರಜೆಯ ತಾರೀಕು ಬದಲಾಯಿಸಿದರೆ ಇಂಥ ಎಷ್ಟೋ ಗಡುವುಗಳು ಜೊತೆಗೇ ಅಲುಗಾಡುತ್ತವೆ. ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರ ಎಲ್ಲಿ ಬೀಳುತ್ತದೆ ಅನ್ನುವಷ್ಟಕ್ಕೇ ಇದು ನಿಲ್ಲುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ ತುಂಬ ಹತ್ತಿರದ ಕಥೆ. ಅಮೆರಿಕದ ಥ್ಯಾಂಕ್ಸ್‌ಗಿವಿಂಗ್.

1863ರ ಅಕ್ಟೋಬರ್‌ನಲ್ಲಿ ಅಬ್ರಹಾಂ ಲಿಂಕನ್ ಒಂದು ಘೋಷಣೆ ಹೊರಡಿಸಿದರು. ಆ ವರ್ಷದ ನವೆಂಬರ್‌ನ ಕೊನೆಯ ಗುರುವಾರ ಕೃತಜ್ಞತೆಯ ದಿನ ಅಂತ ಅದರಲ್ಲಿತ್ತು. ಆಮೇಲೆ ಬಂದ ಅಧ್ಯಕ್ಷರು ಹೆಚ್ಚುಕಡಿಮೆ ಅದನ್ನೇ ಅನುಸರಿಸುತ್ತ ಬಂದರು. ಗಮನಿಸಿ, ಕೊನೆಯ ಗುರುವಾರವೇ ಆಗಬೇಕು ಅಂತ ಹೇಳುವ ಕಾನೂನು ಇರಲಿಲ್ಲ. ಪ್ರತಿ ವರ್ಷ ಅಧ್ಯಕ್ಷರು ಘೋಷಿಸಬೇಕು, ಎಲ್ಲರೂ ಒಪ್ಪಬೇಕು, ಅಷ್ಟೇ. ಸುಮಾರು ಮುಕ್ಕಾಲು ಶತಮಾನ ಹಾಗೇ ನಡೆಯಿತು.

1939ರ ನವೆಂಬರ್‌ಗೆ ಐದು ಗುರುವಾರಗಳು ಬಂದವು. ಕೊನೆಯ ಗುರುವಾರ 30ನೇ ತಾರೀಕು. ಅಲ್ಲಿ ಕ್ರಿಸ್ಮಸ್ ವ್ಯಾಪಾರ ಶುರುವಾಗುವುದೇ ಥ್ಯಾಂಕ್ಸ್‌ಗಿವಿಂಗ್ ಮುಗಿದ ಮೇಲೆ. ಆರ್ಥಿಕ ಕುಸಿತದ ಕಾಲ ಇನ್ನೂ ಮುಗಿದಿರಲಿಲ್ಲ. ವ್ಯಾಪಾರಕ್ಕೆ ಒಂದು ವಾರ ಜಾಸ್ತಿ ಸಿಗಲಿ ಅಂತ ಅಂಗಡಿಯವರು ಕೇಳಿಕೊಂಡರು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಒಪ್ಪಿದರು. ಆಗಸ್ಟ್ ತಿಂಗಳಲ್ಲಿ, ಈ ಸಲ ಥ್ಯಾಂಕ್ಸ್‌ಗಿವಿಂಗ್ 23ಕ್ಕೆ ಅಂತ ಪ್ರಕಟಿಸಿದರು.

ಅಷ್ಟರಲ್ಲಿ ಕ್ಯಾಲೆಂಡರುಗಳು ಅಚ್ಚಾಗಿದ್ದವು. ಶಾಲೆ, ಕಾಲೇಜುಗಳ ರಜೆ ಪಟ್ಟಿ ತಯಾರಾಗಿತ್ತು. ಆ ದಿನಕ್ಕೆ ಅಂತಲೇ ಇಟ್ಟಿದ್ದ ಫುಟ್‌ಬಾಲ್ ಪಂದ್ಯಗಳಿದ್ದವು. ಅಧ್ಯಕ್ಷರ ಘೋಷಣೆ ರಾಜ್ಯಗಳನ್ನು ಕಟ್ಟಿಹಾಕುವಂಥದ್ದಲ್ಲ. ಹಾಗಾಗಿ ಸುಮಾರು ಅರ್ಧ ರಾಜ್ಯಗಳು 23ಕ್ಕೆ ರಜೆ ಕೊಟ್ಟವು. ಉಳಿದವುಗಳಲ್ಲಿ ಹೆಚ್ಚಿನವು ಹಳೆಯಂತೆ 30ಕ್ಕೆ. ಟೆಕ್ಸಾಸ್ ಸೇರಿದಂತೆ ಒಂದೆರಡು ರಾಜ್ಯಗಳು ಎರಡೂ ದಿನ ಕೊಟ್ಟವು. ಒಂದು ರಾಜ್ಯದಲ್ಲಿ ಕೆಲಸ ಮಾಡುವ ಮಗನಿಗೆ ಒಂದು ವಾರ ರಜೆ, ಇನ್ನೊಂದು ರಾಜ್ಯದಲ್ಲಿರುವ ಅಪ್ಪ ಅಮ್ಮನಿಗೆ ಮತ್ತೊಂದು ವಾರ. ಮನೆಯವರೆಲ್ಲ ಒಟ್ಟಿಗೆ ಕೂತು ಊಟ ಮಾಡುವುದೇ ಆ ದಿನದ ಅರ್ಥ. ಅದೇ ತಪ್ಪಿಹೋಯಿತು. 1940, 1941ರಲ್ಲೂ ಇದೇ ಗೊಂದಲ.

ಕೊನೆಗೆ ಸಂಸತ್ತು ನೀವು ಕೇಳುತ್ತಿರುವ ಕೆಲಸವನ್ನೇ ಮಾಡಿತು. ಕಾನೂನು ಬರೆಯಿತು. ಕೆಳಮನೆ ಮೊದಲು ಪಾಸು ಮಾಡಿದ್ದು ನವೆಂಬರ್‌ನ ಕೊನೆಯ ಗುರುವಾರ ಅಂತ. ಮೇಲ್ಮನೆ ಅದನ್ನು ತಿದ್ದಿ ನಾಲ್ಕನೇ ಗುರುವಾರ ಅಂತ ಮಾಡಿತು. 1941ರ ಡಿಸೆಂಬರ್ 26ರಂದು ರೂಸ್‌ವೆಲ್ಟ್ ಸಹಿ ಹಾಕಿದರು.

ಒಂದು ಪದದ ತಿದ್ದುಪಡಿ, ಆದರೆ ಅದರಲ್ಲಿ ಎಷ್ಟು ವಿವೇಕ ಇದೆ ನೋಡಿ. ನಾಲ್ಕನೇ ಗುರುವಾರ ಯಾವಾಗಲೂ 22ರಿಂದ 28ರೊಳಗೆ ಬೀಳುತ್ತದೆ. ಐದು ಗುರುವಾರ ಇರುವ ವರ್ಷಗಳಲ್ಲಿ ಮಾತ್ರ ಕೊನೆಯ ಗುರುವಾರ 29ಕ್ಕೋ 30ಕ್ಕೋ ಹೋಗುತ್ತದೆ. ಹಾಗಾಗಿ ಬಹುಪಾಲು ವರ್ಷ ಹಳೆಯ ಪದ್ಧತಿಯವರಿಗೆ ಅವರ ದಿನವೇ ಸಿಕ್ಕಿತು. ವ್ಯಾಪಾರಿಗಳಿಗೆ ತೊಂದರೆ ಕೊಡುತ್ತಿದ್ದ ವರ್ಷಗಳಲ್ಲಿ ಅವರು ಕೇಳಿದ್ದು ಸಿಕ್ಕಿತು. ಕೆಲವು ರಾಜ್ಯಗಳು ಇನ್ನಷ್ಟು ವರ್ಷ ಕೊನೆಯ ಗುರುವಾರಕ್ಕೇ ಅಂಟಿಕೊಂಡಿದ್ದವು, ಆಮೇಲೆ ಅವೂ ಬಂದು ಸೇರಿಕೊಂಡವು. ನನ್ನ ದೃಷ್ಟಿಯಲ್ಲಿ ರಜೆಯ ಕಾನೂನುಗಳ ಪೈಕಿ ಇದು ತುಂಬ ಒಳ್ಳೆಯ ಕರಡು. ಜನ ಆಗಲೇ ಮಾಡುತ್ತಿದ್ದುದನ್ನು ಅದು ಗಟ್ಟಿ ಮಾಡಿತು, ಜಗಳದ ಮೂಲವನ್ನಷ್ಟೇ ಕತ್ತರಿಸಿತು.

ಇಲ್ಲಿ ಇನ್ನೊಂದು ವಿಷಯವೂ ಇದೆ. ಕಾನೂನು ನಿಗದಿ ಮಾಡಿದ್ದು ತಾರೀಕನ್ನಲ್ಲ, ಗುರುವಾರ ಅನ್ನುವ ವಾರದ ದಿನವನ್ನು. ಇದು ಬೇಕೆಂದೇ ಮಾಡುವ ಆಯ್ಕೆ. ತಾರೀಕು ಹಿಡಿದರೆ ವಾರ ಓಡುತ್ತದೆ, ವಾರ ಹಿಡಿದರೆ ತಾರೀಕು ಓಡುತ್ತದೆ. ವರ್ಷಕ್ಕೆ 365 ದಿನ, ಅಂದರೆ 52 ವಾರ ಆಗಿ ಒಂದು ದಿನ ಉಳಿಯುತ್ತದೆ. ಹಾಗಾಗಿ ಒಂದೇ ತಾರೀಕು ಪ್ರತಿ ವರ್ಷ ವಾರದಲ್ಲಿ ಒಂದು ದಿನ ಮುಂದೆ ಸರಿಯುತ್ತದೆ, ನಡುವೆ ಫೆಬ್ರವರಿ 29 ಬಂದರೆ ಎರಡು ದಿನ. ಏಳು ವರ್ಷಕ್ಕೆ ಸರಾಸರಿ ಒಂದು ಸಲ ನಿಮ್ಮ ಖಾಯಂ ತಾರೀಕು ಭಾನುವಾರ ಬಂದು ಕೂರುತ್ತದೆ. ಬುಧವಾರ ಬಂದರೆ ವಾರದ ಮಧ್ಯೆ ಕೆಲಸ ತುಂಡಾಗುತ್ತದೆ. ವೇಳಾಪಟ್ಟಿ ಮಾಡುವ ನಿಮಗೆ ತಾರೀಕು ಖಾಯಂ ಆದರೂ ತಲೆನೋವು ತಪ್ಪಲಿಲ್ಲ, ಅಲ್ವಾ?

ಇದೇ ಕಾರಣಕ್ಕೆ ಅಮೆರಿಕ 1968ರಲ್ಲಿ ಏಕರೂಪ ಸೋಮವಾರ ರಜಾ ಕಾಯ್ದೆ ತಂದಿತು. ಜಾರಿಯಾದದ್ದು 1971ರಿಂದ. ಫೆಬ್ರವರಿ 22ರ ವಾಷಿಂಗ್ಟನ್ ಜನ್ಮದಿನ ಫೆಬ್ರವರಿಯ ಮೂರನೇ ಸೋಮವಾರಕ್ಕೆ ಹೋಯಿತು. ಮೂರನೇ ಸೋಮವಾರ 15ರಿಂದ 21ರೊಳಗೇ ಬರುತ್ತದೆ. ಅಂದರೆ ಆ ಕಾನೂನು ಬಂದ ಮೇಲೆ ವಾಷಿಂಗ್ಟನ್ ಜನ್ಮದಿನದ ರಜೆ ಅವರು ಹುಟ್ಟಿದ 22ಕ್ಕೆ ಯಾವ ವರ್ಷವೂ ಬರಲಾರದು! ಮೇ 30ರ ಹುತಾತ್ಮರ ಸ್ಮರಣೆ ಮೇ ತಿಂಗಳ ಕೊನೆಯ ಸೋಮವಾರಕ್ಕೆ ಹೋಯಿತು. ಇವೆರಡನ್ನೂ ಜನ ಒಪ್ಪಿಕೊಂಡರು. ಮೂರು ದಿನದ ರಜೆ ಸಿಕ್ಕಿತಲ್ಲ.

ಆದರೆ ಅದೇ ಕಾನೂನು ನವೆಂಬರ್ 11ರ ಮಾಜಿ ಯೋಧರ ದಿನವನ್ನೂ ಅಕ್ಟೋಬರ್‌ನ ನಾಲ್ಕನೇ ಸೋಮವಾರಕ್ಕೆ ಎತ್ತಿ ಇಟ್ಟಿತು. ಅದನ್ನು ಜನ ಒಪ್ಪಲಿಲ್ಲ. 1918ರ ನವೆಂಬರ್ 11, ಹನ್ನೊಂದು ಗಂಟೆಗೆ ಮೊದಲ ಮಹಾಯುದ್ಧದ ಬಂದೂಕುಗಳು ನಿಂತವು. ಆ ದಿನಕ್ಕೆ ಅರ್ಥ ಇರುವುದೇ ಆ ತಾರೀಕಿನಲ್ಲಿ. ಅದನ್ನು ಅಕ್ಟೋಬರ್‌ಗೆ ತಂದರೆ ಉಳಿಯುವುದು ಒಂದು ಸೋಮವಾರ ಮಾತ್ರ. ಬಹುತೇಕ ರಾಜ್ಯಗಳು ನವೆಂಬರ್ 11ನ್ನೇ ಆಚರಿಸಿದವು. ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕಚೇರಿಗಳು ಒಂದು ದಿನ ಮುಚ್ಚುತ್ತಿದ್ದವು, ರಾಜ್ಯದ ಕಚೇರಿಗಳು ಇನ್ನೊಂದು ದಿನ. 1975ರಲ್ಲಿ ಮತ್ತೊಂದು ಕಾನೂನು ಮಾಡಿ, 1978ರಿಂದ ನವೆಂಬರ್ 11ಕ್ಕೇ ವಾಪಸ್ ತಂದರು.

ಬೇಜಾರಾಗುವ ಸಂಗತಿ ಏನೆಂದರೆ, ಈ ಪಾಠ ಪಕ್ಕದ ಕೆನಡಾದಲ್ಲಿ ಆಗಲೇ ಸಿಕ್ಕಿತ್ತು. ಅಲ್ಲಿ 1921ರ ಕಾನೂನು ಇದೇ ಯುದ್ಧವಿರಾಮದ ದಿನವನ್ನು ನವೆಂಬರ್ 11 ಬರುವ ವಾರದ ಸೋಮವಾರಕ್ಕೆ ಕಟ್ಟಿ, ಥ್ಯಾಂಕ್ಸ್‌ಗಿವಿಂಗ್ ಅನ್ನೂ ಅದೇ ದಿನಕ್ಕೆ ಸೇರಿಸಿತ್ತು. ಮಕ್ಕಳನ್ನು ಕಳೆದುಕೊಂಡವರ ದುಃಖದ ದಿನ, ಸುಗ್ಗಿಯ ಸಂತೋಷದ ದಿನ, ಎರಡೂ ಒಂದೇ ಸೋಮವಾರ. ಹತ್ತು ವರ್ಷ ಆದಮೇಲೆ, 1931ರಲ್ಲಿ, ಕಾನೂನು ತಿದ್ದಿ ಸ್ಮರಣೆಯ ದಿನವನ್ನು ನವೆಂಬರ್ 11ಕ್ಕೇ ನಿಲ್ಲಿಸಿದರು. ಥ್ಯಾಂಕ್ಸ್‌ಗಿವಿಂಗ್ ಅಕ್ಟೋಬರ್‌ಗೆ ಹೋಯಿತು. 1957ರಲ್ಲಿ ಅದು ಅಕ್ಟೋಬರ್‌ನ ಎರಡನೇ ಸೋಮವಾರ ಅಂತ ಖಾಯಂ ಆಯಿತು. ಅಮೆರಿಕದವರು 1968ರಲ್ಲಿ ಗಡಿಯಾಚೆ ಒಮ್ಮೆ ತಿರುಗಿ ನೋಡಿದ್ದರೆ ಸಾಕಿತ್ತು.

ಹಾಗಂತ ದಿನ ಸರಿಸುವುದೇ ತಪ್ಪು ಅಂತಲ್ಲ. ಸ್ವೀಡನ್ 1953ರಲ್ಲಿ ಮಧ್ಯಬೇಸಿಗೆಯ ರಜೆಯನ್ನು ಜೂನ್ 24ರಿಂದ ತೆಗೆದು, ಜೂನ್ 20ರಿಂದ 26ರೊಳಗೆ ಬರುವ ಶನಿವಾರಕ್ಕೆ ಕೊಟ್ಟಿತು. ಎರಡು ವರ್ಷದ ಮೇಲೆ ಫಿನ್ಲೆಂಡ್ ಕೂಡ ಹಾಗೇ ಮಾಡಿತು. ಎರಡೂ ಕಡೆ ಇವತ್ತಿಗೂ ನಡೆಯುತ್ತಿದೆ. ದೀರ್ಘ ಹಗಲಿನ ಸಂಭ್ರಮಕ್ಕೆ ಎರಡು ದಿನ ಹಿಂದೆ ಮುಂದೆ ಆದರೆ ಏನೂ ಕೆಡುವುದಿಲ್ಲ. ದಿನದ ಜೀವ ತಾರೀಕಿನಲ್ಲಿದೆಯೋ, ಋತುವಿನಲ್ಲಿದೆಯೋ, ಆಕಾಶದಲ್ಲಿದೆಯೋ ಅಂತ ಮೊದಲು ನೋಡಬೇಕು. ಕಾನೂನು ಆಮೇಲೆ.

ನ್ಯೂಜಿಲೆಂಡ್ ಇದಕ್ಕೆ ಒಂದು ಚೆಂದದ ದಾರಿ ಕಂಡುಕೊಂಡಿತು. ಅಲ್ಲಿ ಫೆಬ್ರವರಿ 6 ವೈಟಾಂಗಿ ದಿನ, ಅಂದರೆ ಮಾವೊರಿ ಮೂಲನಿವಾಸಿಗಳಿಗೂ ಬ್ರಿಟಿಷರಿಗೂ ಆದ ಒಪ್ಪಂದದ ನೆನಪು. ಏಪ್ರಿಲ್ 25 ಆನ್ಜಾಕ್ ದಿನ, ಯುದ್ಧದಲ್ಲಿ ಮಡಿದ ಸೈನಿಕರ ನೆನಪು. ಎರಡೂ ತಾರೀಕಿಗೆ ಅಂಟಿದ ದಿನಗಳು, ಸರಿಸುವ ಮಾತೇ ಇಲ್ಲ. ಆದರೆ ಶನಿವಾರವೋ ಭಾನುವಾರವೋ ಬಂದರೆ ಆ ಎರಡು ದಿನ ಬಿಡುವಿರುವ ದುಡಿಮೆಗಾರರಿಗೆ ರಜೆ ಕೈತಪ್ಪುತ್ತಿತ್ತು. 2013ರಲ್ಲಿ ಕಾನೂನು ತಿದ್ದಿದರು. ಸ್ಮರಣೆ ಆಯಾ ತಾರೀಕಿಗೇ ನಡೆಯುತ್ತದೆ, ಬೆಳಗಿನ ಜಾವದ ಆನ್ಜಾಕ್ ಸಭೆ 25ಕ್ಕೇ. ಅಂಥವರಿಗೆ ಸಂಬಳದ ರಜೆ ಮಾತ್ರ ಮುಂದಿನ ಸೋಮವಾರಕ್ಕೆ ಹೋಗುತ್ತದೆ. ದಿನ ಬೇರೆ, ರಜೆ ಬೇರೆ ಅಂತ ಒಪ್ಪಿಕೊಂಡ ಕೂಡಲೇ ಎರಡು ಕಡೆಯವರಿಗೂ ಬೇಕಾದದ್ದು ಸಿಕ್ಕಿತು.

ಇನ್ನು ನಿಮ್ಮ ವೇಳಾಪಟ್ಟಿಯನ್ನು ನಿಜವಾಗಿ ಕಾಡುವ ರಜೆಗಳು. ಚಂದ್ರ, ಸೂರ್ಯ, ನಕ್ಷತ್ರಗಳ ಲೆಕ್ಕದಲ್ಲಿ ಬರುವವು.

ಹನ್ನೆರಡು ಚಾಂದ್ರ ತಿಂಗಳು ಸೇರಿದರೆ ಸುಮಾರು 354 ದಿನ. ಸೌರ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಕೆಲವು ಪಂಚಾಂಗಗಳು ಎರಡು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಈ ಅಂತರ ತುಂಬುತ್ತವೆ. ಅಲ್ಲಿ ಹಬ್ಬ ಸುಮಾರು ಒಂದು ತಿಂಗಳ ಅಗಲದೊಳಗೆ ಹಿಂದೆ ಮುಂದೆ ಓಡಾಡುತ್ತದೆ. ಇಸ್ಲಾಮಿಕ್ ಕ್ಯಾಲೆಂಡರ್ ಅಧಿಕ ಮಾಸ ಸೇರಿಸುವುದಿಲ್ಲ. ಅಲ್ಲಿ ಹಬ್ಬ ಸುಮಾರು 33 ವರ್ಷಕ್ಕೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಅಂಥ ದಿನಕ್ಕೆ ಕಾನೂನು ಒಂದು ಜೂನ್ ತಾರೀಕು ಬರೆದರೆ ಏನಾಗುತ್ತದೆ? ಹಬ್ಬ ಡಿಸೆಂಬರ್‌ನಲ್ಲಿ, ರಜೆ ಜೂನ್‌ನಲ್ಲಿ. ಜನ ಜೂನ್‌ನ ರಜೆ ತೆಗೆದುಕೊಳ್ಳುತ್ತಾರೆ, ಡಿಸೆಂಬರ್‌ನಲ್ಲಿ ಹಬ್ಬದ ದಿನ ಸ್ವಂತ ರಜೆ ಹಾಕುತ್ತಾರೆ. ಶಾಲೆಯಲ್ಲಿ ಎರಡು ದಿನ ಪಾಠ ಹೋಯಿತು. ಸ್ವಂತ ರಜೆ ಇಲ್ಲದ ದಿನಗೂಲಿಯವರು ಹಬ್ಬದ ದಿನ ಕೂಲಿ ಬಿಡಬೇಕು, ಇಲ್ಲವೇ ಹಬ್ಬ ಬಿಡಬೇಕು. ಇದು ಅನ್ಯಾಯ. ಅದಕ್ಕೇ ನಾನು ಎಲ್ಲ ರಜೆಗಳಿಗೂ ಒಂದೊಂದು ಖಾಯಂ ತಾರೀಕು ಅನ್ನುವ ಪ್ರಸ್ತಾಪವನ್ನು ಒಪ್ಪುವುದಿಲ್ಲ.

ಬ್ರಿಟನ್ ಒಮ್ಮೆ ಈಸ್ಟರ್‌ಗೆ ಇದನ್ನು ಮಾಡಹೊರಟಿತ್ತು. ಈಸ್ಟರ್ ವಸಂತದ ಹುಣ್ಣಿಮೆಯ ನಂತರದ ಭಾನುವಾರ. ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಯಾವತ್ತಾದರೂ ಬರಬಹುದು, ಒಟ್ಟು 35 ತಾರೀಕುಗಳು. 1928ರಲ್ಲಿ ಸಂಸತ್ತು ಈಸ್ಟರ್ ಕಾಯ್ದೆ ಪಾಸು ಮಾಡಿತು. ಏಪ್ರಿಲ್‌ನ ಎರಡನೇ ಶನಿವಾರದ ನಂತರದ ಭಾನುವಾರವೇ ಈಸ್ಟರ್, ಅಂದರೆ 9ರಿಂದ 15ರೊಳಗೆ. ಆದರೆ ಅದು ತಾನಾಗಿ ಜಾರಿಗೆ ಬರುವುದಿಲ್ಲ. ಜಾರಿ ಆದೇಶಕ್ಕೆ ಎರಡೂ ಸದನ ಒಪ್ಪಬೇಕು, ಅದಕ್ಕೂ ಮೊದಲು ಚರ್ಚುಗಳ ಅಧಿಕೃತ ಅಭಿಪ್ರಾಯವನ್ನು ಗಮನಿಸಬೇಕು ಅಂತ ಅದೇ ಕಾನೂನಿನಲ್ಲಿದೆ. ಆ ಒಪ್ಪಿಗೆ ಬರಲೇ ಇಲ್ಲ. ಸುಮಾರು ನೂರು ವರ್ಷದಿಂದ ಕಾನೂನು ಪುಸ್ತಕದಲ್ಲಿದೆ, ಒಂದು ದಿನವೂ ಜಾರಿಯಾಗಿಲ್ಲ. 1963ರಲ್ಲಿ ಕ್ಯಾಥೊಲಿಕ್ ಚರ್ಚಿನ ಎರಡನೇ ವ್ಯಾಟಿಕನ್ ಮಹಾಸಭೆ ಕೂಡ ಖಾಯಂ ಭಾನುವಾರಕ್ಕೆ ತನ್ನ ಅಡ್ಡಿ ಇಲ್ಲ ಅಂದಿತು, ಬೇರೆ ಕ್ರೈಸ್ತ ಪಂಗಡಗಳೂ ಒಪ್ಪಿದರೆ ಅನ್ನುವ ಷರತ್ತಿನ ಮೇಲೆ. ಎಲ್ಲರೂ ಒಪ್ಪುವ ದಿನ ಇನ್ನೂ ಬಂದಿಲ್ಲ.

ಇದರ ಜೊತೆಗೇ ಬ್ರಿಟನ್ ಇನ್ನೊಂದು ಕೆಲಸ ಮಾಡಿ ಗೆದ್ದಿತು. ಈಸ್ಟರ್ ಆಗಿ ಏಳು ವಾರಕ್ಕೆ ಬರುತ್ತಿದ್ದ ವಿಟ್ ಸೋಮವಾರ ಅನ್ನುವ ಕ್ರೈಸ್ತ ಹಬ್ಬದ ಬ್ಯಾಂಕ್ ರಜೆಯನ್ನು (ಅಲ್ಲಿ ಸಾರ್ವಜನಿಕ ರಜೆಗೆ ಹಾಗನ್ನುತ್ತಾರೆ) 1965ರಿಂದ ಪ್ರಯೋಗವಾಗಿ, 1971ರ ಕಾನೂನಿನಿಂದ ಖಾಯಮ್ಮಾಗಿ, ಮೇ ತಿಂಗಳ ಕೊನೆಗೆ ತಂದು ನಿಲ್ಲಿಸಿತು. ಹಬ್ಬದ ದಿನವನ್ನು ಸಂಸತ್ತು ಮುಟ್ಟಲಿಲ್ಲ. ಚರ್ಚಿನಲ್ಲಿ ಅದು ಹಳೆಯ ಲೆಕ್ಕದಂತೆಯೇ ನಡೆಯಿತು. ರಜೆಯನ್ನು ಮಾತ್ರ ಬಿಡಿಸಿ ಬೇರೆ ಕಡೆ ಇಟ್ಟರು.

ಭಾರತದಲ್ಲೂ ಹೆಚ್ಚುಕಡಿಮೆ ಹೀಗೇ ಆಯಿತು. 1952ರಲ್ಲಿ ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ರಚನೆಯಾಯಿತು. ದೇಶದಲ್ಲಿ ಬಳಕೆಯಲ್ಲಿದ್ದ ಸುಮಾರು 30 ಪಂಚಾಂಗಗಳನ್ನು ನೋಡಿ, 1955ರಲ್ಲಿ ವರದಿ ಕೊಟ್ಟಿತು. 1957ರ ಮಾರ್ಚ್ 22ರಿಂದ ಶಕ ರಾಷ್ಟ್ರೀಯ ಕ್ಯಾಲೆಂಡರ್ ಜಾರಿಗೆ ಬಂತು. ರಾಜ್ಯಪತ್ರದಲ್ಲಿ ಶಕ ದಿನಾಂಕ ಅಚ್ಚಾಯಿತು. ಜನ ಹಬ್ಬದ ಲೆಕ್ಕ ಹಾಕುವುದು ಮಾತ್ರ ತಮ್ಮ ತಮ್ಮ ಪಂಚಾಂಗ ನೋಡಿಯೇ.

ಹಾಗಾದರೆ ಆಕಾಶ ನೋಡಿ ಬರುವ ರಜೆಗೆ ಕಾನೂನು ಏನೂ ಮಾಡಲಾಗದೇ? ಮಾಡಬಹುದು. ಇಲ್ಲೇ ನಿಮ್ಮ ಎರಡನೇ ಬೇಡಿಕೆಗೆ ಉತ್ತರ ಇರುವುದು.

ಜಪಾನಿನ 1948ರ ರಜಾ ಕಾನೂನು ನೋಡಿ. ವಸಂತ ವಿಷುವದ ದಿನ ಮತ್ತು ಶರತ್ಕಾಲದ ವಿಷುವದ ದಿನ ರಜೆ ಅಂತ ಅದರಲ್ಲಿದೆ. ತಾರೀಕು ಬರೆದಿಲ್ಲ. ಹಗಲು ರಾತ್ರಿ ಸಮ ಆಗುವ ಆ ದಿನ ಒಂದು ವರ್ಷ ಮಾರ್ಚ್ 20, ಇನ್ನೊಂದು ವರ್ಷ 21. ಅಲ್ಲಿಯ ರಾಷ್ಟ್ರೀಯ ಖಗೋಳ ವೀಕ್ಷಣಾಲಯ ಲೆಕ್ಕ ಹಾಕಿ, ಹಿಂದಿನ ವರ್ಷದ ಫೆಬ್ರವರಿ 1ರ ಹೊತ್ತಿಗೆ ರಾಜ್ಯಪತ್ರದಲ್ಲಿ ಪ್ರಕಟಿಸುತ್ತದೆ. ಕ್ಯಾಲೆಂಡರ್ ಅಚ್ಚು ಹಾಕುವವರಿಗೆ, ಶಾಲೆಗಳಿಗೆ ಒಂದು ವರ್ಷಕ್ಕಿಂತ ಜಾಸ್ತಿ ಸಮಯ ಸಿಗುತ್ತದೆ.

ಇದಕ್ಕಿಂತ ಮುಂದೆ ಹೋದದ್ದು ಮತ್ತೆ ನ್ಯೂಜಿಲೆಂಡ್. ಮಾತಾರಿಕಿ ಅಂದರೆ ನಾವು ಕೃತ್ತಿಕಾ ಅನ್ನುವ ನಕ್ಷತ್ರಪುಂಜ. ಚಳಿಗಾಲದಲ್ಲಿ ಅದು ಮುಂಜಾನೆಯ ಆಕಾಶದಲ್ಲಿ ಮತ್ತೆ ಕಾಣಿಸಿಕೊಂಡಾಗ ಮಾವೊರಿ ಜನರಿಗೆ ಹೊಸ ವರ್ಷ. ಅದೂ ಚಂದ್ರನ ನಿರ್ದಿಷ್ಟ ಹಂತದಲ್ಲಿ. 2022ರಲ್ಲಿ ಇದಕ್ಕೆ ರಜೆ ಕೊಡುವ ಕಾನೂನು ಬಂತು. ಮಾವೊರಿ ಪರಿಣತರ ಸಲಹಾ ಗುಂಪು ಲೆಕ್ಕ ಹಾಕಿ ಕೊಟ್ಟ ದಿನಗಳನ್ನು ಕಾನೂನಿನ ಅನುಸೂಚಿಯಲ್ಲೇ ಪಟ್ಟಿ ಮಾಡಿದರು, 2052ರವರೆಗೆ. 2022ರಲ್ಲಿ ಜೂನ್ 24, 2023ರಲ್ಲಿ ಜುಲೈ 14, 2024ರಲ್ಲಿ ಜೂನ್ 28, 2025ರಲ್ಲಿ ಜೂನ್ 20. ಯಾವಾಗಲೂ ಶುಕ್ರವಾರ. ತಾರೀಕು ಓಡಾಡುತ್ತದೆ, ನಿಜ. ಆದರೆ ಇವತ್ತು ಒಂದನೇ ತರಗತಿಗೆ ಸೇರಿದ ಮಗು ಶಾಲೆ ಮುಗಿಸುವವರೆಗಿನ ಎಲ್ಲ ದಿನಗಳೂ ಅಲ್ಲಿ ಅಚ್ಚಾಗಿವೆ. ಆಚರಿಸುವವರ ಲೆಕ್ಕಕ್ಕೆ ಗೌರವ ಕೊಟ್ಟಿದ್ದಾರೆ, ವೇಳಾಪಟ್ಟಿ ಮಾಡುವವರಿಗೂ ಖಚಿತತೆ ಕೊಟ್ಟಿದ್ದಾರೆ. ಖಾಯಂ ತಾರೀಕಿನ ಕಾನೂನಿನಿಂದ ಇದಕ್ಕಿಂತ ಜಾಸ್ತಿ ನಿಮಗೆ ಏನು ಸಿಗುತ್ತಿತ್ತು?

ಚಂದ್ರನನ್ನು ಕಣ್ಣಾರೆ ಕಂಡ ಮೇಲೆಯೇ ತೀರ್ಮಾನ ಆಗುವ ದಿನಗಳಿಗೆ ಈ ಪಟ್ಟಿ ನೇರವಾಗಿ ಒಗ್ಗುವುದಿಲ್ಲ. ಅಲ್ಲಿ ಒಂದು ದಿನ ಆಚೀಚೆ ಆಗಬಹುದು ಅಂತ ಕಾನೂನಿನಲ್ಲೇ ಜಾಗ ಬಿಡಬೇಕು. ನಿರೀಕ್ಷಿತ ತಾರೀಕು ಪಟ್ಟಿಯಲ್ಲಿರಲಿ, ಮರುದಿನಕ್ಕೆ ಬದಲಾಯಿಸುವ ಅಧಿಕಾರ ಸರ್ಕಾರಕ್ಕಿರಲಿ. ಆ ವಾರದಲ್ಲಿ ಪರೀಕ್ಷೆ ಇಡದಿದ್ದರೆ ಸಾಕು.

ಕರಡಿನ ಬಗ್ಗೆ ಕೆಲವು ಮಾತು ಹೇಳಲೇಬೇಕು, ಯಾಕೆಂದರೆ ಒಳ್ಳೆಯ ಉದ್ದೇಶದ ಕಾನೂನು ಕೆಡುವುದು ಅಲ್ಲೇ. ಬ್ರಿಟನ್ 1965ರಲ್ಲಿ ಆಗಸ್ಟ್ ಬ್ಯಾಂಕ್ ರಜೆಯನ್ನು ತಿಂಗಳ ಮೊದಲ ಸೋಮವಾರದಿಂದ ತಿಂಗಳ ಕೊನೆಗೆ ತಂದಾಗ, ಕೊನೆಯ ಶನಿವಾರದ ಮರು ಸೋಮವಾರ ಅಂತ ಲೆಕ್ಕ ಇಟ್ಟರು. 1968ರಲ್ಲಿ ಆಗಸ್ಟ್ 31 ಶನಿವಾರ ಬಂತು. ಆಗಸ್ಟ್ ರಜೆ ಸೆಪ್ಟೆಂಬರ್ 2ಕ್ಕೆ ಹೋಯಿತು! ಮುಂದಿನ ವರ್ಷ ಸೆಪ್ಟೆಂಬರ್ 1ಕ್ಕೆ. 1971ರ ಕಾನೂನಿನಲ್ಲಿ ಆಗಸ್ಟ್‌ನ ಕೊನೆಯ ಸೋಮವಾರ ಅಂತ ನೇರವಾಗಿ ಬರೆದರು, ಸಮಸ್ಯೆ ಮುಗಿಯಿತು. ಐರ್ಲೆಂಡ್ 2023ರಲ್ಲಿ ಸಂತ ಬ್ರಿಜಿಡ್ ಹೆಸರಿನ ಹೊಸ ರಜೆ ತಂದಾಗ ಇನ್ನೂ ಎಚ್ಚರ ವಹಿಸಿತು. ರಜೆ ಫೆಬ್ರವರಿಯ ಮೊದಲ ಸೋಮವಾರ, ಆದರೆ ಬ್ರಿಜಿಡ್ ಅವರ ದಿನವಾದ ಫೆಬ್ರವರಿ 1 ಶುಕ್ರವಾರ ಬಂದರೆ ಆ ಶುಕ್ರವಾರವೇ. ಒಂದೇ ವಾಕ್ಯ. ವಾರಾಂತ್ಯವೂ ಉಳಿಯಿತು, ದಿನವೂ ಉಳಿಯಿತು. ಇಂಥ ವಾಕ್ಯ ಬರೆಯುವ ಮೊದಲು ಮುಂದಿನ 28 ವರ್ಷದ ಕ್ಯಾಲೆಂಡರ್ ಹಾಕಿ ಪ್ರತಿ ವರ್ಷವೂ ಏನಾಗುತ್ತದೆ ಅಂತ ನೋಡಬೇಕು. ವಾರ ಮತ್ತು ತಾರೀಕಿನ ಜೋಡಿಗಳೆಲ್ಲ ಅಷ್ಟರಲ್ಲಿ ಒಂದು ಸುತ್ತು ಬಂದಿರುತ್ತವೆ.

ಭಾನುವಾರ ಬಂದರೆ ಬದಲಿ ದಿನ ಇದೆಯೋ ಇಲ್ಲವೋ, ಎರಡು ರಜೆ ಒಂದೇ ದಿನ ಬಿದ್ದರೆ ಏನು, ರಜೆಯ ದಿನ ಕೆಲಸ ಮಾಡುವವರಿಗೆ ಏನು ಸಿಗುತ್ತದೆ, ಇವನ್ನೂ ಬರೆಯಬೇಕು. ಕಾನೂನು ಯಾರಿಗೆ ಅನ್ವಯ ಅನ್ನುವುದನ್ನೂ. ಅಮೆರಿಕದ ಫೆಡರಲ್ ರಜಾ ಕಾನೂನು ಖಾಸಗಿ ಮಾಲೀಕರು ರಜೆ ಕೊಡಲೇಬೇಕು ಅಂತ ಹೇಳುವುದೇ ಇಲ್ಲ. ಅಲ್ಲಿ ಕ್ಯಾಲೆಂಡರಿನಲ್ಲಿ ರಜೆ ಇದ್ದರೂ ಅಂಗಡಿಯಲ್ಲಿ ದುಡಿಯುವವರಿಗೆ ಅದು ಕೆಲಸದ ದಿನ ಆಗಿರಬಹುದು.

ಎಲ್ಲಕ್ಕಿಂತ ಹೆಚ್ಚಾಗಿ ಬೇಕಿರುವುದು ಮುಂಚಿತ ಸೂಚನೆ. ಗುಲಾಮಗಿರಿ ಮುಗಿದದ್ದನ್ನು ನೆನೆಯುವ ಜೂನ್ 19ರ ಜೂನ್‌ಟೀಂತ್ ರಜೆಯ ಕಾನೂನಿಗೆ ಅಮೆರಿಕದಲ್ಲಿ ಸಹಿ ಬಿದ್ದದ್ದು 2021ರ ಜೂನ್ 17, ಗುರುವಾರ. ಆ ವರ್ಷ 19 ಶನಿವಾರ. ಶನಿವಾರದ ರಜೆ ಹಿಂದಿನ ಶುಕ್ರವಾರಕ್ಕೆ ಅನ್ನುವ ಹಳೆಯ ನಿಯಮದಂತೆ, ಫೆಡರಲ್ ನೌಕರರಿಗೆ ಸಹಿಯಾದ ಮರುದಿನವೇ ರಜೆ. ಬಹಳ ವರ್ಷ ಕಾದು ಸಿಕ್ಕ ದಿನ ಅದು, ಸಂತೋಷ ದೊಡ್ಡದು. ಆದರೆ ಆ ಶುಕ್ರವಾರಕ್ಕೆ ಕಚೇರಿಗಳಲ್ಲಿ ಗೊತ್ತುಮಾಡಿದ್ದ ಕೆಲಸಗಳನ್ನೆಲ್ಲ ಒಂದೇ ದಿನದಲ್ಲಿ ಮತ್ತೆ ಹೊಂದಿಸಬೇಕಾಯಿತು. ಜಪಾನ್ ಟೋಕಿಯೊ ಒಲಿಂಪಿಕ್ಸ್‌ಗಾಗಿ 2021ರ ಜುಲೈ, ಆಗಸ್ಟ್ ಹಾಗೂ ಅಕ್ಟೋಬರ್ ರಜೆಗಳನ್ನು ಸರಿಸಿದ ಕಾನೂನು ಪಾಸಾದದ್ದು 2020ರ ಕೊನೆಗೆ. ಆ ಹೊತ್ತಿಗೆ 2021ರ ಕ್ಯಾಲೆಂಡರುಗಳು ಹಳೆಯ ತಾರೀಕಿನಲ್ಲೇ ಅಚ್ಚಾಗಿ ಗೋಡೆಗೆ ಬಂದಿದ್ದವು.

ಹಾಗಾಗಿ ನೀವು ಜನಪ್ರತಿನಿಧಿಗಳಿಗೆ ಮನವಿ ಬರೆಯುವುದಾದರೆ, ಎಲ್ಲಕ್ಕೂ ಖಾಯಂ ತಾರೀಕು ಕೊಡಿ ಅಂತ ಬರೆಯಬೇಡಿ. ಆಚರಿಸುವವರು ಬೇಡ ಅನ್ನುತ್ತಾರೆ, ಅಲ್ಲಿಗೆ ಮಾತು ನಿಲ್ಲುತ್ತದೆ. ಇದನ್ನು ಕೇಳಿ. ಘಟನೆಯ ನೆನಪಿನ ದಿನಗಳಿಗೆ ತಾರೀಕು ಕಾನೂನಿನಲ್ಲೇ ಇರಲಿ, ಭಾನುವಾರ ಬಂದರೆ ಬದಲಿ ದಿನದ ನಿಯಮವೂ ಜೊತೆಗಿರಲಿ. ಪಂಚಾಂಗದ ದಿನಗಳಿಗೆ ಆಯಾ ಸಮುದಾಯದವರ ಜೊತೆ ಕೂತು ಮಾಡಿದ ಹತ್ತು ವರ್ಷದ ಪಟ್ಟಿಯನ್ನು ಅನುಸೂಚಿಯಾಗಿ ಸೇರಿಸಲಿ, ಐದನೇ ವರ್ಷಕ್ಕೆ ಮುಂದಿನ ಐದು ವರ್ಷ ಸೇರಿಸಿ ನವೀಕರಿಸಲಿ. ಪಟ್ಟಿಯಲ್ಲಿ ಬದಲಾವಣೆ ಮಾಡುವುದಾದರೆ ಕನಿಷ್ಠ ಹನ್ನೆರಡು ತಿಂಗಳ ಸೂಚನೆ ಕಡ್ಡಾಯವಾಗಲಿ, ಚಂದ್ರದರ್ಶನದ ಒಂದು ದಿನದ ವ್ಯತ್ಯಾಸಕ್ಕೆ ಮಾತ್ರ ವಿನಾಯಿತಿ. ಅಷ್ಟು ಸಿಕ್ಕರೆ ಮುಂದಿನ ವರ್ಷದ ವೇಳಾಪಟ್ಟಿಯನ್ನು ನೀವು ಈ ವರ್ಷವೇ ಮುಗಿಸಬಹುದು. ತಾರೀಕು ಯಾವುದೇ ಇರಲಿ.